ಏರಲು ಆತುರಪಡದ ಕ್ಲಬ್: ಅಮೆರಿಕದ ಕೆಳ ಲೀಗಿನಿಂದ ಒಂದು ಪ್ರಕರಣ ಅಧ್ಯಯನ

2017ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಡೆಲ್ಟಾಸ್ ಎಂಬ ಹೊಸ ಸಾಕರ್ ಕ್ಲಬ್ ತನ್ನ ಮೊಟ್ಟಮೊದಲ ಸೀಸನ್‌ನಲ್ಲೇ ಎರಡನೇ ದರ್ಜೆಯ ಎನ್‌ಎಎಸ್‌ಎಲ್ ಲೀಗ್ ಗೆದ್ದಿತು. ಕಪ್ ಎತ್ತಿದ ಬೆನ್ನಲ್ಲೇ ಬಾಗಿಲು ಹಾಕಿತು. ಎರಡನೇ ಸೀಸನ್ ಬರಲೇ ಇಲ್ಲ. ಅದಕ್ಕೂ ಹಿಂದೆ, 1999ರಲ್ಲಿ, ರೋಚೆಸ್ಟರ್ ರೈನೋಸ್ ಎಂಬ ಎರಡನೇ ದರ್ಜೆಯ ಕ್ಲಬ್ ದೊಡ್ಡ ಲೀಗಿನ ತಂಡಗಳನ್ನು ಸೋಲಿಸಿ, ಎಲ್ಲ ದರ್ಜೆಯ ಕ್ಲಬ್ಬುಗಳೂ ಆಡುವ ಯುಎಸ್ ಓಪನ್ ಕಪ್ ಗೆದ್ದಿತ್ತು. 2006ರಲ್ಲಿ ಆ ಊರಲ್ಲಿ ಸಾಕರ್‌ಗೆಂದೇ ಒಂದು ಸ್ಟೇಡಿಯಂ ಎದ್ದಿತು. ಇಷ್ಟೆಲ್ಲ ಇದ್ದೂ 2017ರ ನಂತರ ಆ ಕ್ಲಬ್ಬಿನ ಆಟ ವರ್ಷಗಟ್ಟಲೆ ನಿಂತುಹೋಯಿತು.

ಅಮೆರಿಕದ ಕೆಳ ಲೀಗುಗಳಲ್ಲಿ ಇಂಥ ಕಥೆಗಳು ಬೇಕಾದಷ್ಟು ಸಿಗುತ್ತವೆ. ಗೆದ್ದವರು ಮುಚ್ಚುತ್ತಾರೆ, ಸೋತವರೂ ಮುಚ್ಚುತ್ತಾರೆ. ಹಾಗಾಗಿ ಮುಚ್ಚದೆ ಉಳಿದ ಒಂದು ಕ್ಲಬ್ಬನ್ನು ಇಲ್ಲಿ ನೋಡೋಣ. ಮಿಷಿಗನ್ ರಾಜ್ಯದ ಒಂದು ಹಳೇ ಕೈಗಾರಿಕಾ ಊರಿನ ಕ್ಲಬ್ ಇದು. ಹೆಸರುಗಳನ್ನು ಬೇಕಂತಲೇ ಬಿಟ್ಟಿದ್ದೇನೆ. ಕ್ಲಬ್, ಮಾಲೀಕರು, ಮೈದಾನ, ಅಭಿಮಾನಿಗಳ ಗುಂಪು ಯಾವುದಕ್ಕೂ ಹೆಸರಿಲ್ಲ. ಆ ಕಡೆಯ ಸಾಕರ್ ಬಲ್ಲವರು ಊಹಿಸಿದರೆ ಊಹಿಸಲಿ, ತೊಂದರೆಯಿಲ್ಲ. ನನಗೆ ಕುತೂಹಲ ಇರೋದು ಅವರು ಯಾವ ಹೊತ್ತಿನಲ್ಲಿ ಏನು ತೀರ್ಮಾನ ಮಾಡಿದರು, ಯಾವುದನ್ನು ಮಾಡದೆ ಬಿಟ್ಟರು ಎಂಬುದರಲ್ಲಿ.

ಹಿನ್ನೆಲೆ

ಮೊದಲು ಅಲ್ಲಿನ ವ್ಯವಸ್ಥೆ ಸ್ವಲ್ಪ ಗೊತ್ತಿರಬೇಕು. ಇಂಗ್ಲೆಂಡಿನಲ್ಲಿ ಕೆಳಗಿನ ಲೀಗ್ ಗೆದ್ದರೆ ಮೇಲಿನ ಲೀಗಿಗೆ ಹೋಗಬಹುದು. ಅಮೆರಿಕದಲ್ಲಿ ಹಾಗಿಲ್ಲ. ಮೇಲಿನ ಲೀಗಿಗೆ ಹೋಗಲು ದುಡ್ಡು ಕಟ್ಟಿ ಜಾಗ ಕೊಳ್ಳಬೇಕು. ನಮ್ಮ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಶುರುವಿನಿಂದ ನೋಡಿದವರಿಗೆ ಈ ಫ್ರಾಂಚೈಸಿ ಲೆಕ್ಕಾಚಾರ ಹೊಸದೇನಲ್ಲ. ತುದಿಯಲ್ಲಿರುವ ಎಂಎಲ್‌ಎಸ್ ಸೇರಲು ನ್ಯೂಯಾರ್ಕ್ ಸಿಟಿ ಕ್ಲಬ್ 2013ರಲ್ಲಿ ಒಪ್ಪಿಕೊಂಡ ಶುಲ್ಕ 10 ಕೋಟಿ ಡಾಲರ್. ಹತ್ತು ವರ್ಷದ ನಂತರ ಸ್ಯಾನ್ ಡಿಯೇಗೊ ಕಟ್ಟಿದ್ದು 50 ಕೋಟಿ ಡಾಲರ್.

ಅದರ ಕೆಳಗಿನ ವೃತ್ತಿಪರ ಲೀಗುಗಳಿಗೂ ಬೇಲಿ ಇದೆ. ದೇಶದ ಸಾಕರ್ ಫೆಡರೇಶನ್ ಪ್ರತಿ ದರ್ಜೆಗೂ ನಿಯಮ ಇಟ್ಟಿದೆ. ಎರಡನೇ ದರ್ಜೆಯ ಕ್ಲಬ್ಬಿನ ಮುಖ್ಯ ಮಾಲೀಕನ ಆಸ್ತಿ ಕನಿಷ್ಠ 2 ಕೋಟಿ ಡಾಲರ್ ಇರಬೇಕು, ಕ್ಲಬ್ಬಿನ 35 ಶೇಕಡಾ ಪಾಲು ಆತನ ಕೈಯಲ್ಲಿರಬೇಕು. ಮೂರನೇ ದರ್ಜೆಗೆ 1 ಕೋಟಿ ಡಾಲರ್. ಅಂದರೆ ಐದಾರು ಗೆಳೆಯರು ಸೇರಿ ಸಂಬಳದ ದುಡ್ಡಲ್ಲಿ ವೃತ್ತಿಪರ ಕ್ಲಬ್ ಕಟ್ಟುವ ಮಾತೇ ಇಲ್ಲ.

ಅವರಿಗೆ ಉಳಿಯುವುದು ನಾಲ್ಕನೇ ಹಂತ. ಎನ್‌ಪಿಎಸ್‌ಎಲ್ ಅಂಥದ್ದೊಂದು ಲೀಗ್. ಪ್ರವೇಶದ ಖರ್ಚು ಕಡಿಮೆ, ಪ್ರಯಾಣವೂ ಕಡಿಮೆ. ಆಟಗಾರರಲ್ಲಿ ಬಹುಪಾಲು ಕಾಲೇಜು ಹುಡುಗರು. ಅವರಿಗೆ ಸಂಬಳ ಕೊಡುವಂತಿಲ್ಲ. ಕೊಟ್ಟರೆ ಕಾಲೇಜು ತಂಡದಲ್ಲಿ ಆಡುವ ಅರ್ಹತೆ ಹೋಗುತ್ತದೆ. ಕಾಲೇಜಿಗೆ ಬೇಸಿಗೆ ರಜೆ ಇದ್ದಾಗ ಮಾತ್ರ ಅವರು ಸಿಗುತ್ತಾರೆ, ಹಾಗಾಗಿ ಸೀಸನ್ ಮೇ ತಿಂಗಳಿಂದ ಜುಲೈವರೆಗೆ ಅಷ್ಟೇ. ಇಂಥ ಲೀಗಿನ ಎಷ್ಟೋ ಪಂದ್ಯಗಳಿಗೆ ಬರುವುದು ಆಟಗಾರರ ಅಪ್ಪ ಅಮ್ಮ, ಗೆಳೆಯರು, ಇನ್ನೊಂದಿಷ್ಟು ಜನ.

ನಮ್ಮ ಪ್ರಕರಣದ ಕ್ಲಬ್ 2012ರಲ್ಲಿ ಈ ಲೀಗಿನಲ್ಲಿ ಶುರುವಾಯಿತು. ಹುಟ್ಟುಹಾಕಿದವರು ಐದು ಜನ ಗೆಳೆಯರು. ಯಾರೂ ಭಾರೀ ಶ್ರೀಮಂತರಲ್ಲ. ಅವರ ಪೈಕಿ ಒಬ್ಬರು ಎರಡು ವರ್ಷ ಮೊದಲೇ ಊರಲ್ಲಿ ಒಂದು ಹವ್ಯಾಸಿ ಲೀಗ್ ನಡೆಸಲು ಶುರು ಮಾಡಿದ್ದರು. ಬಡಾವಣೆಗೊಂದು ತಂಡ, ಹೆಂಗಸರು ಗಂಡಸರು ಒಟ್ಟಿಗೆ ಆಡುವ ಲೀಗ್ ಅದು. ಆಟ ಚೆನ್ನಾಗಿರಬೇಕು ಅಂತೇನೂ ಇರಲಿಲ್ಲ. ಅಕ್ಕಪಕ್ಕದವರು ಪರಿಚಯ ಆಗಲಿ ಅನ್ನುವುದೇ ಉದ್ದೇಶ.

ನನ್ನ ಪ್ರಕಾರ ಇಡೀ ಪ್ರಕರಣದಲ್ಲಿ ಜನ ಜಾಸ್ತಿ ಗಮನಿಸದ ಭಾಗ ಇದು. ಸಾಮಾನ್ಯವಾಗಿ ತಂಡ ಮೊದಲು ಹುಟ್ಟುತ್ತದೆ, ಆಮೇಲೆ ಪ್ರೇಕ್ಷಕರಿಗಾಗಿ ಹುಡುಕಾಟ ನಡೆಯುತ್ತದೆ. ಇಲ್ಲಿ ಕ್ಲಬ್ ಹುಟ್ಟುವ ಹೊತ್ತಿಗೆ ಪ್ರೇಕ್ಷಕರು ಇದ್ದರು. ಬಡಾವಣೆ ಲೀಗಿನಲ್ಲಿ ಆಡುತ್ತಿದ್ದವರಿಗೆ ಪರಸ್ಪರ ಮುಖ ಪರಿಚಯ ಇತ್ತು, ಯಾರ ಮನೆ ಎಲ್ಲಿ ಎಂಬುದು ಗೊತ್ತಿತ್ತು, ಆಟ ಮುಗಿದ ಮೇಲೆ ಕೂರುವ ಬಾರ್ ಯಾವುದು ಎಂಬುದೂ ತೀರ್ಮಾನವಾಗಿತ್ತು. ಅವರೇ ಮೊದಲ ಸೀಸನ್ನಿನ ಗ್ಯಾಲರಿಗೆ ಬಂದು ನಿಂತರು. ಮೊದಲ ವರ್ಷವೇ ಪಂದ್ಯಕ್ಕೆ ಸಾವಿರಕ್ಕೂ ಜಾಸ್ತಿ ಜನ. ನಾಲ್ಕನೇ ಹಂತದ ಲೀಗಿಗೆ ಇದು ದೊಡ್ಡ ಸಂಖ್ಯೆ.

ಶಾಲೆಯ ಮೈದಾನ

ಮೊದಲ ನಾಲ್ಕು ಸೀಸನ್ ಆಡಿದ್ದು ಊರ ಮಧ್ಯದ ಒಂದು ಸರ್ಕಾರಿ ಹೈಸ್ಕೂಲಿನ ಮೈದಾನದಲ್ಲಿ. ಇದೂ ಒಂದು ತೀರ್ಮಾನವೇ. ಅಮೆರಿಕದ ಉಪನಗರಗಳಲ್ಲಿ ಒಳ್ಳೊಳ್ಳೆ ಸಾಕರ್ ಮೈದಾನಗಳಿವೆ. ಹುಲ್ಲು ಚೆನ್ನಾಗಿರುತ್ತದೆ, ಕಾರು ನಿಲ್ಲಿಸಲು ಬೇಕಾದಷ್ಟು ಜಾಗ ಇರುತ್ತದೆ, ಮಕ್ಕಳನ್ನು ಕರೆದುಕೊಂಡು ಬರುವ ಕುಟುಂಬಗಳೂ ಅಲ್ಲೇ ಇರುತ್ತವೆ. ವ್ಯಾಪಾರದ ಲೆಕ್ಕ ನೋಡಿದರೆ ಅಲ್ಲಿಗೆ ಹೋಗಬೇಕು. ಇವರು ಹೋಗಲಿಲ್ಲ. ಊರಿನ ಹೆಸರು ಹೊತ್ತ ಕ್ಲಬ್ ಊರೊಳಗೇ ಆಡಬೇಕು ಎಂದು ಹಟ ಹಿಡಿದರು. ಆ ಊರಿನಿಂದ ದಶಕಗಳಿಂದ ಜನ ಹೊರಗೆ ಹೋಗುತ್ತಲೇ ಇದ್ದರು. ತಂಡಗಳೂ ಹಾಗೆ ಹೊರಗೆ ಹೋಗಿದ್ದವು. ಆ ಇತಿಹಾಸ ಗೊತ್ತಿದ್ದವರಿಗೆ ಈ ಹಟ ಅರ್ಥವಾಗುತ್ತಿತ್ತು.

ಮೈದಾನದ ಒಂದು ಬದಿಯಲ್ಲಿ ಅಭಿಮಾನಿಗಳ ಗುಂಪು ತಾನಾಗಿ ಬೆಳೆಯಿತು. ಬಾರಿನಿಂದ ಮೆರವಣಿಗೆ ಹೊರಟು, ಡ್ರಮ್ಮು ಬಡಿಯುತ್ತಾ ಬಂದು, ಬಣ್ಣದ ಹೊಗೆ ಹಚ್ಚಿ, ತೊಂಬತ್ತು ನಿಮಿಷ ನಿಂತೇ ಹಾಡುವ ಗುಂಪು. ಹಾಡುಗಳಲ್ಲಿ ಬೈಗುಳಕ್ಕೆ ಬರ ಇರಲಿಲ್ಲ. ಎದುರಾಳಿ ಗೋಲ್‌ಕೀಪರನ ವಂಶವನ್ನೆಲ್ಲ ಜಾಲಾಡುತ್ತಿದ್ದರು.

ಇದನ್ನು ಏನು ಮಾಡುವುದು? ಹೊಸ ಕ್ಲಬ್ಬಿಗೆ ಇದು ಸಣ್ಣ ಪ್ರಶ್ನೆಯಲ್ಲ. ಒಂದು ಕಡೆ ಶಾಲೆಯ ಆವರಣ, ಮಕ್ಕಳು, ಸ್ಪಾನ್ಸರ್‌ಗಳು. ಇನ್ನೊಂದು ಕಡೆ ಜನ ಬರುತ್ತಿದ್ದುದೇ ಈ ಗದ್ದಲಕ್ಕೆ. ಆಟದ ಮಟ್ಟ ಹೇಳಿಕೊಳ್ಳುವಷ್ಟು ಇರಲಿಲ್ಲ, ಬೇಸಿಗೆ ರಜೆಯ ಕಾಲೇಜು ಹುಡುಗರ ಆಟ ಅದು. ಗ್ಯಾಲರಿ ಬಾಯಿ ಮುಚ್ಚಿಸಿದರೆ ನೋಡಲು ಉಳಿಯುವುದೇನು? ಕ್ಲಬ್ ಗುಂಪನ್ನು ತನ್ನ ಸುಪರ್ದಿಗೆ ತೆಗೆದುಕೊಳ್ಳಲು ಹೋಗಲಿಲ್ಲ. ಗುಂಪಿನ ಹಾಡು, ಬ್ಯಾನರು, ಹಾಸ್ಯ ಎಲ್ಲ ಗುಂಪಿನದೇ ಆಗಿ ಉಳಿಯಿತು. ಶಾಂತವಾಗಿ ನೋಡಬೇಕು ಅನ್ನುವವರಿಗೆ ಎದುರು ಬದಿಯ ಗ್ಯಾಲರಿ ಇತ್ತು. ಕ್ಲಬ್ಬಿನ ಮಾರ್ಕೆಟಿಂಗ್ ವಿಭಾಗವೇ ಡ್ರಮ್ಮು ಕೊಟ್ಟು, ಹಾಡು ಬರೆದುಕೊಟ್ಟು ನಡೆಸುವ ಅಭಿಮಾನಿ ಗುಂಪುಗಳನ್ನು ಟಿವಿಯಲ್ಲಿ ನೋಡಿದ್ದೀರಲ್ವಾ? ಅದಕ್ಕೂ ಇದಕ್ಕೂ ವ್ಯತ್ಯಾಸ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ.

ಆಟದ ಕಡೆಯೂ ಪರವಾಗಿಲ್ಲ ಎನ್ನುವ ಹಾಗಿತ್ತು. 2013ರಲ್ಲಿ ತಂಡ ತನ್ನ ವಿಭಾಗ ಗೆದ್ದಿತು. ಆದರೆ ಪ್ರೇಕ್ಷಕರ ಸಂಖ್ಯೆ ಗೆಲುವಿನ ಜೊತೆ ಏರಿ, ಸೋಲಿನ ಜೊತೆ ಇಳಿಯಲಿಲ್ಲ. ವರ್ಷದಿಂದ ವರ್ಷಕ್ಕೆ ಸುಮ್ನೆ ಏರುತ್ತಲೇ ಹೋಯಿತು. ಮೂರು ನಾಲ್ಕನೇ ಸೀಸನ್ ಹೊತ್ತಿಗೆ ಗೇಟು ಹಾಕಿ ಜನರನ್ನು ವಾಪಸು ಕಳಿಸುವ ಪರಿಸ್ಥಿತಿ.

ಸಮಸ್ಯೆ

ಶಾಲೆಯ ಮೈದಾನ ತುಂಬಿತು ಅನ್ನುವುದು ಸಮಸ್ಯೆಯ ಒಂದು ಮುಖ ಅಷ್ಟೇ. ಸರ್ಕಾರಿ ಶಾಲೆಯ ಜಾಗದಲ್ಲಿ ಬಿಯರ್ ಮಾರುವಂತಿರಲಿಲ್ಲ. ಸಣ್ಣ ಕ್ಲಬ್ಬಿಗೆ ಟಿಕೆಟ್ಟಿನಷ್ಟೇ ಬಿಯರ್, ತಿಂಡಿ, ಜರ್ಸಿ, ಸ್ಕಾರ್ಫ್ ಮಾರಾಟದ ದುಡ್ಡೂ ಮುಖ್ಯ. ಜೊತೆಗೆ ಕ್ಲಬ್ ಅಲ್ಲಿ ಬಾಡಿಗೆದಾರ. ಬೇಕಾದ ದಿನಾಂಕಕ್ಕೆ ಕೈಚಾಚಬೇಕು. ಮೈದಾನದಲ್ಲಿ ಒಂದು ಕಲ್ಲು ಅಲುಗಿಸುವ ಹಕ್ಕೂ ಇಲ್ಲ.

ಹೊರಗಿನಿಂದ ನೋಡಿದರೆ ಮೂರು ದಾರಿ ಕಾಣುತ್ತವೆ. ಉಪನಗರಕ್ಕೆ ಹೋಗುವುದು. ಶ್ರೀಮಂತ ಹೂಡಿಕೆದಾರನೊಬ್ಬನನ್ನು ಕರೆತಂದು ಮೇಲಿನ ಲೀಗಿಗೆ ಹಾರುವುದು, ಆತನೇ ಸ್ಟೇಡಿಯಂ ಕಟ್ಟಿಕೊಡಲಿ ಎಂದು ಕಾಯುವುದು. ಅಥವಾ ಇದ್ದಲ್ಲೇ ಇದ್ದು, ಜನ ಬರುವಷ್ಟು ಬರಲಿ ಅಂತ ಸುಮ್ಮನಾಗುವುದು. ಮೂರರಲ್ಲೂ ತಕರಾರಿತ್ತು. ಮೊದಲನೆಯದು ಕ್ಲಬ್ಬಿನ ಗುರುತನ್ನೇ ತಿನ್ನುತ್ತದೆ. ಎರಡನೆಯದರಲ್ಲಿ ಯಜಮಾನಿಕೆ ಕೈ ತಪ್ಪುತ್ತದೆ. ಮೂರನೆಯದರಲ್ಲಿ ವಾಪಸು ಹೋದ ಪ್ರೇಕ್ಷಕ ಎರಡನೇ ಸಲ ಬರುವುದಿಲ್ಲ.

ಮುರುಕು ಗ್ಯಾಲರಿ

ಅವರು ಹಿಡಿದದ್ದು ನಾಲ್ಕನೇ ದಾರಿ. ದೊಡ್ಡ ಊರಿನ ಹೊಟ್ಟೆಯೊಳಗೆ ಇನ್ನೊಂದು ಪುಟ್ಟ ಪಟ್ಟಣ ಇದೆ. ಅದಕ್ಕೆ ಅದರದೇ ಪುರಸಭೆ, ಅದರದೇ ಶಾಲಾ ಮಂಡಳಿ. ಒಂದು ಕಾಲಕ್ಕೆ ಪೋಲೆಂಡಿನಿಂದ ಬಂದವರ ಪಟ್ಟಣ, ಈಗ ಬಾಂಗ್ಲಾದೇಶ, ಯೆಮೆನ್‌ಗಳಿಂದ ಬಂದವರೂ ದೊಡ್ಡ ಸಂಖ್ಯೆಯಲ್ಲಿದ್ದಾರೆ. ಅಲ್ಲಿನ ಶಾಲಾ ಮಂಡಳಿಯ ಕೈಯಲ್ಲಿ ಒಂದು ಹಳೇ ಸ್ಟೇಡಿಯಂ ಇತ್ತು. 1930ರ ದಶಕದ ಆರ್ಥಿಕ ಕುಸಿತದ ಕಾಲದಲ್ಲಿ ನಿರುದ್ಯೋಗಿಗಳಿಗೆ ಕೆಲಸ ಕೊಡಲು ಸರ್ಕಾರ ನಡೆಸಿದ ಯೋಜನೆಯಲ್ಲಿ ಕಟ್ಟಿದ್ದು. 1936ರಲ್ಲಿ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಬಂದು ಉದ್ಘಾಟಿಸಿದ್ದರು. ಸುಮಾರು ಏಳು ಸಾವಿರ ಜನ ಹಿಡಿಸುವ ಕಾಂಕ್ರೀಟ್ ಗ್ಯಾಲರಿಗಳು. ಎಂಬತ್ತು ವರ್ಷ ಹಳೆಯ ಕಾಂಕ್ರೀಟು ಉದುರುತ್ತಿತ್ತು. ರಿಪೇರಿ ಮಾಡಿಸಲು ಮಂಡಳಿಯ ಬಳಿ ದುಡ್ಡಿರಲಿಲ್ಲ.

ಕ್ಲಬ್ಬಿನ ಬಳಿಯೂ ಇರಲಿಲ್ಲ. ಬ್ಯಾಂಕು ಇಂಥದ್ದಕ್ಕೆ ಸಾಲ ಕೊಡುವುದು ಅನುಮಾನ. ನಾಲ್ಕನೇ ಹಂತದ ಕ್ಲಬ್, ಬೇರೆಯವರ ಆಸ್ತಿ, ವರ್ಷಕ್ಕೆ ಎರಡೂವರೆ ಮೂರು ತಿಂಗಳ ಸೀಸನ್. ಯಾವ ಮ್ಯಾನೇಜರ್ ಸಹಿ ಹಾಕುತ್ತಾನೆ?

ಇಲ್ಲಿ ಒಂದು ಕಾನೂನು ನೆರವಿಗೆ ಬಂತು. 2013ರ ಕೊನೆಯಲ್ಲಿ ಮಿಷಿಗನ್ ರಾಜ್ಯ ಒಂದು ಹೊಸ ಕಾಯ್ದೆ ಮಾಡಿತ್ತು. ಅದರ ಪ್ರಕಾರ ರಾಜ್ಯದೊಳಗಿನ ಒಂದು ಉದ್ದಿಮೆಗೆ ರಾಜ್ಯದ ಸಾಮಾನ್ಯ ಜನರೂ ಹಣ ಹೂಡಬಹುದು, ಒಬ್ಬರಿಗೆ 10,000 ಡಾಲರ್‌ವರೆಗೆ. ಅಲ್ಲಿಯವರೆಗೆ ಇಂಥ ಹೂಡಿಕೆಯ ಬಾಗಿಲು ಹೆಚ್ಚುಕಡಿಮೆ ಶ್ರೀಮಂತರಿಗೆ ಮಾತ್ರ ತೆರೆದಿತ್ತು. ಹೊಸ ಕಾಯ್ದೆಗೂ ಒಂದು ಮಿತಿ ಇತ್ತು. ರಾಜ್ಯದ ನಿವಾಸಿಗಳಷ್ಟೇ ಹೂಡಬಹುದು. ಬೇರೆ ರಾಜ್ಯಕ್ಕೆ ಕೆಲಸಕ್ಕೆ ಹೋದ ಅಭಿಮಾನಿ ಆಸೆ ಪಟ್ಟರೂ ಕೊಡುವಂತಿರಲಿಲ್ಲ.

2015ರ ಅಕ್ಟೋಬರಿನಲ್ಲಿ ಯೋಜನೆ ಹೊರಬಿತ್ತು. ಕ್ಲಬ್ ಕೇಳಿದ್ದು ದೇಣಿಗೆಯಲ್ಲ. ಷೇರು ಮಾರಲೂ ಇಲ್ಲ. ಹಾಕಿದ ದುಡ್ಡನ್ನು ಮುಂದಿನ ವರ್ಷಗಳಲ್ಲಿ ಕ್ಲಬ್ಬಿನ ಆದಾಯದ ಒಂದು ಪಾಲಿನಿಂದ ತೀರಿಸುವ ಒಪ್ಪಂದ. ಯಜಮಾನಿಕೆ ಐವರ ಕೈಯಲ್ಲೇ ಉಳಿಯಿತು. ಚಳಿಗಾಲ ಮುಗಿಯುವ ಹೊತ್ತಿಗೆ 500ಕ್ಕೂ ಹೆಚ್ಚು ಜನ ಸೇರಿ ಸುಮಾರು 7.4 ಲಕ್ಷ ಡಾಲರ್ ಕೊಟ್ಟಿದ್ದರು. ಸರಾಸರಿ ತೆಗೆದರೆ ತಲೆಗೆ 1,400 ಡಾಲರ್ ಆಸುಪಾಸು. ಇದು ಸುಮ್ಮನೆ ಜೇಬಿಂದ ತೆಗೆದು ಎಸೆಯುವ ಮೊತ್ತವಲ್ಲ.

ಈ ಹಣ ಎಲ್ಲಿಗೆ ಹೋಯಿತು ಎಂಬುದನ್ನು ಗಮನಿಸಿ. ಆಟಗಾರರಿಗೆ ಹೋಗಲಿಲ್ಲ, ದೊಡ್ಡ ಹೆಸರಿನ ಕೋಚ್‌ಗೆ ಹೋಗಲಿಲ್ಲ. ಗ್ಯಾಲರಿಯ ಕಾಂಕ್ರೀಟು, ಶೌಚಾಲಯ, ಲೈಟು, ಡ್ರೆಸ್ಸಿಂಗ್ ರೂಮು. ದುಡ್ಡು ಹಾಕಿದವರು ಅದರ ಮೇಲೆ ನಿಂತು ಆಟ ನೋಡಬಹುದು. ಕ್ಲಬ್ ನಾಳೆ ಮುಚ್ಚಿದರೂ ಗ್ಯಾಲರಿ ಪಟ್ಟಣದ ಶಾಲೆಗಳಿಗೆ ಉಳಿಯುತ್ತದೆ. ಶಾಲಾ ಮಂಡಳಿ ಒಪ್ಪಿಕೊಂಡಿದ್ದರಲ್ಲೂ ಆಶ್ಚರ್ಯವಿಲ್ಲ. ಬಾಡಿಗೆಗೆ ಬರುವವನೇ ಮನೆ ರಿಪೇರಿ ಮಾಡಿಸಿಕೊಡುತ್ತೇನೆ ಅಂದರೆ ಯಾವ ಮಾಲೀಕ ಬೇಡ ಅಂತಾನೆ?

2016ರ ಮೇ ತಿಂಗಳಲ್ಲಿ ಹೊಸ ಮನೆಯಲ್ಲಿ ಮೊದಲ ಪಂದ್ಯ ನಡೆಯಿತು. 7,400ಕ್ಕೂ ಜಾಸ್ತಿ ಜನ ಬಂದಿದ್ದರು. ಸಂಬಳವಿಲ್ಲದ ಆಟಗಾರರ ನಾಲ್ಕನೇ ಹಂತದ ಪಂದ್ಯಕ್ಕೆ! ಹಾಗಂತ ದೇಶದಲ್ಲಿ ಇಂಥದ್ದು ಇದೇ ಮೊದಲು ಎಂದಲ್ಲ. ಟೆನೆಸಿಯ ಚಟ್ಟನೂಗ ಕ್ಲಬ್ ಇದೇ ಲೀಗಿನ 2015ರ ಫೈನಲ್‌ಗೆ 18,000ಕ್ಕೂ ಹೆಚ್ಚು ಜನರನ್ನು ಸೇರಿಸಿತ್ತು, ಪಂದ್ಯ ಸೋತಿತು ಅನ್ನುವುದು ಬೇರೆ ಮಾತು.

ಅದೇ ವಸಂತದಲ್ಲಿ ಇನ್ನೊಂದು ಸುದ್ದಿ

ಹಳೇ ಸ್ಟೇಡಿಯಂನ ರಿಪೇರಿ ನಡೆಯುತ್ತಿದ್ದಾಗಲೇ, 2016ರ ಏಪ್ರಿಲ್‌ನಲ್ಲಿ, ಇಬ್ಬರು ಭಾರೀ ಶ್ರೀಮಂತರು ಆ ಊರಿಗೆ ಎಂಎಲ್‌ಎಸ್ ತರುತ್ತೇವೆ ಎಂದು ಘೋಷಿಸಿದರು. ಇಬ್ಬರೂ ಬಾಸ್ಕೆಟ್‌ಬಾಲ್ ತಂಡಗಳ ಒಡೆಯರು. ಊರ ನಡುವೆ ಸ್ಟೇಡಿಯಂ, ಅದರ ಸುತ್ತ ಕಟ್ಟಡಗಳು, ಎಲ್ಲ ಸೇರಿ 100 ಕೋಟಿ ಡಾಲರ್ ಮಟ್ಟದ ಮಾತು.

ಕ್ಲಬ್ಬಿಗೆ ಇದು ನಿಜವಾದ ಗಂಡಾಂತರ. ಒಂದೇ ಊರಲ್ಲಿ ಮೊದಲ ದರ್ಜೆಯ ತಂಡ ಬಂದರೆ ಸ್ಪಾನ್ಸರು, ಪತ್ರಿಕೆಯ ಜಾಗ, ಶನಿವಾರ ಸಂಜೆ ಎಲ್ಲ ಅದರ ಪಾಲು. ಅಭಿಮಾನಿಗಳ ಗುಂಪಿನಲ್ಲಿ ಹಲವರು ಬಹಿರಂಗವಾಗಿಯೇ ವಿರೋಧಿಸಿದರು. ನಾವು ಕಟ್ಟಿದ ಕ್ಲಬ್ ಇರುವಾಗ ಮೇಲಿಂದ ಇನ್ನೊಂದನ್ನು ಇಳಿಸುವುದೇಕೆ ಎಂಬುದು ಅವರ ಮಾತು. ಕ್ಲಬ್ ತನ್ನ ಹಳೇ ಗ್ಯಾಲರಿಯ ಕೆಲಸ ಮುಂದುವರಿಸಿತು.

ಆಮೇಲೆ ಆ ಶ್ರೀಮಂತರ ಯೋಜನೆ ಬದಲಾಯಿತು. ಹೊಸ ಸ್ಟೇಡಿಯಂ ಬದಲು ಊರಿನ ಅಮೆರಿಕನ್ ಫುಟ್‌ಬಾಲ್ ತಂಡದ ಒಳಾಂಗಣ ಸ್ಟೇಡಿಯಂ ಅನ್ನೇ ಬಳಸುತ್ತೇವೆ ಎಂದರು. 2017ರ ಡಿಸೆಂಬರಿನ ಕೊನೆಯ ಸುತ್ತಿನವರೆಗೂ ಆ ಊರಿನ ಹೆಸರು ಇತ್ತು. ಕೊನೆಗೆ ಎಂಎಲ್‌ಎಸ್ ಆರಿಸಿದ್ದು ನ್ಯಾಶ್‌ವಿಲ್ ಮತ್ತು ಸಿನ್ಸಿನಾಟಿಯನ್ನು.

ಈ ಭಾಗದಲ್ಲಿ ಕ್ಲಬ್ಬಿನ ಜಾಣತನ ಹುಡುಕಲು ನಾನು ಹೋಗುವುದಿಲ್ಲ. ಇದು ಅದೃಷ್ಟ. ಆ ಯೋಜನೆ ಕೈಗೂಡಿದ್ದರೆ ಈ ಪ್ರಕರಣ ಅಧ್ಯಯನ ಇನ್ನೊಂದು ದಿಕ್ಕಿನಲ್ಲಿ ಇರುತ್ತಿತ್ತು, ಬಹುಶಃ ಇರುತ್ತಲೇ ಇರಲಿಲ್ಲ.

ಏಕೆ ಬೇಗ ವೃತ್ತಿಪರ ಆಗಲಿಲ್ಲ?

ಏಳು ಸಾವಿರ ಜನ ಬಂದ ಮೇಲೆ ಎಲ್ಲರೂ ಕೇಳುವ ಪ್ರಶ್ನೆ ಇದೇ. ಕ್ಲಬ್ ಹವ್ಯಾಸಿ ಲೀಗಿನಲ್ಲೇ ಇನ್ನೂ ಮೂರು ವರ್ಷ ಕಳೆಯಿತು. ಆ ಕಾಲದ ಎರಡನೇ ದರ್ಜೆಯ ಎನ್‌ಎಎಸ್‌ಎಲ್ ಅದೇ ಹೊತ್ತಲ್ಲಿ ಕುಸಿಯುತ್ತಿತ್ತು. 2017ರಲ್ಲಿ ಫೆಡರೇಶನ್ ಅದರ ಎರಡನೇ ದರ್ಜೆಯ ಮಾನ್ಯತೆ ಮುಂದುವರಿಸಲಿಲ್ಲ. ಲೀಗಿನ ಜೊತೆ ಕ್ಲಬ್ಬುಗಳೂ ಮುಳುಗಿದವು. ಡೆಲ್ಟಾಸ್ ಕಥೆ ಆಗಲೇ ಹೇಳಿದೆನಲ್ಲ.

ಇನ್ನೊಂದು ಕಾರಣ ಲೆಕ್ಕಪುಸ್ತಕದ್ದು. ಬೇಸಿಗೆಯ ಏಳೆಂಟು ತವರು ಪಂದ್ಯಗಳ ಆದಾಯದಲ್ಲಿ ವರ್ಷಪೂರ್ತಿ ಸಂಬಳ ಕೊಡಲಾಗದು. ಮೊದಲು ಉಳಿದ ಒಂಬತ್ತು ತಿಂಗಳಿಗೆ ದುಡ್ಡು ಹುಟ್ಟಬೇಕು. ಅದಕ್ಕೆ ಎರಡು ಕೆಲಸ ಮಾಡಿದರು. ಒಂದು, ಹೊರದೇಶದ ಕ್ಲಬ್ಬುಗಳನ್ನು ಸೌಹಾರ್ದ ಪಂದ್ಯಕ್ಕೆ ಕರೆದರು. ಉತ್ತರ ಐರ್ಲೆಂಡಿನ ಗ್ಲೆಂಟೊರನ್, ಮೆಕ್ಸಿಕೋದ ನೆಕಾಕ್ಸ, ಜರ್ಮನಿಯ ಸೇಂಟ್ ಪೌಲಿ ಬಂದು ಆಡಿದವು. ಸೇಂಟ್ ಪೌಲಿಯ ಆಯ್ಕೆ ಸುಮ್ಮನೆ ಆದದ್ದಲ್ಲ. ಹ್ಯಾಂಬರ್ಗಿನ ಆ ಕ್ಲಬ್ ಕಪ್ಪುಗಳಿಗಿಂತ ತನ್ನ ಗ್ಯಾಲರಿಗೆ, ರಾಜಕೀಯ ನಿಲುವಿಗೆ ಹೆಸರಾದದ್ದು. ಇವರ ಗ್ಯಾಲರಿಗೆ ಅದು ನೆಂಟರ ಮನೆ.

ಎರಡನೆಯದು, 2018ರಲ್ಲಿ ಊರೊಳಗೆ ಒಂದು ಒಳಾಂಗಣ ಸಾಕರ್ ಮೈದಾನ ತೆರೆದರು. ಮಿಷಿಗನ್ನಿನ ಚಳಿಗಾಲದಲ್ಲಿ ಹೊರಗೆ ಆಡಲಾಗುವುದಿಲ್ಲ. ದೊಡ್ಡವರ ಲೀಗು, ಮಕ್ಕಳ ತರಬೇತಿ, ಪಕ್ಕದಲ್ಲೇ ಬಾರು. ಹಿಮ ಬೀಳುವಾಗಲೂ ಗಲ್ಲಾಪೆಟ್ಟಿಗೆ ತೆರೆದಿರುತ್ತದೆ. ಬಡಾವಣೆ ಲೀಗಿನಿಂದ ಹುಟ್ಟಿದ ಕ್ಲಬ್ ಮತ್ತೆ ಹವ್ಯಾಸಿಗಳಿಂದಲೇ ವರ್ಷದ ಖರ್ಚು ಹೊಂದಿಸಿಕೊಳ್ಳಲು ಹೊರಟಿತು.

ಈ ಕಾಯುವಿಕೆಗೆ ಬೆಲೆಯೂ ಇತ್ತು. ಸಾವಿರಾರು ಟಿಕೆಟ್ಟು ಮಾರಾಟವಾಗುತ್ತಿದ್ದ ಪಂದ್ಯಗಳಲ್ಲಿ ಆಡುವ ಹುಡುಗರಿಗೆ ಸಂಬಳ ಇಲ್ಲ. ನಿಯಮ ಹಾಗಿತ್ತು, ಸರಿ. ಆದರೂ ಗ್ಯಾಲರಿಯ ಪ್ರೀತಿಯನ್ನು ಲೆಕ್ಕ ಹಾಕುವಾಗ ಇದನ್ನು ಪಕ್ಕಕ್ಕಿಡುವುದು ನನಗೆ ಸರಿ ಕಾಣುವುದಿಲ್ಲ. ಚೆನ್ನಾಗಿ ಆಡುವವನು ಒಂದೆರಡು ಬೇಸಿಗೆ ಆಡಿ ಬೇರೆ ಊರಿಗೆ, ಸಂಬಳ ಕೊಡುವ ಕ್ಲಬ್ಬಿಗೆ ಹೋಗಲೇಬೇಕಿತ್ತು. ಅಭಿಮಾನಿಗಳಿಗೆ ಹಾಡುಗಳು ಕಾಯಂ, ಆಟಗಾರರು ಅಲ್ಲ.

ಕೊನೆಗೂ ಹೆಜ್ಜೆ ಇಟ್ಟದ್ದು

2018ರ ಕೊನೆಯಲ್ಲಿ ಎನ್‌ಪಿಎಸ್‌ಎಲ್‌ನ ಕೆಲವು ಬಲವಾದ ಕ್ಲಬ್ಬುಗಳು ಸೇರಿ ವೃತ್ತಿಪರ ಟೂರ್ನಿಯೊಂದನ್ನು ಘೋಷಿಸಿದವು. ಆಗ ಹನ್ನೊಂದು ಕ್ಲಬ್ಬುಗಳ ಹೆಸರಿತ್ತು. ಒಂದೊಂದಾಗಿ ಜಾರಿಕೊಂಡು, 2019ರಲ್ಲಿ ಟೂರ್ನಿ ಬೇರೆ ಹೆಸರಿನಲ್ಲಿ ನಡೆಯುವ ಹೊತ್ತಿಗೆ ಆರು ಉಳಿದವು. ನಮ್ಮ ಕ್ಲಬ್ ಅದನ್ನು ಗೆದ್ದಿತು. ಗೆದ್ದದ್ದಕ್ಕಿಂತ ಅಲ್ಲಿ ಕಲಿತದ್ದು ಜಾಸ್ತಿ ಇರಬೇಕು: ಸಂಬಳದ ತಂಡ ನಡೆಸುವ ಅಭ್ಯಾಸ, ಮತ್ತು ಕಾಗದದ ಮೇಲಿನ ಲೀಗನ್ನು ಎಷ್ಟು ನಂಬಬಹುದು ಎಂಬ ಅಂದಾಜು.

2020ರಲ್ಲಿ ಕ್ಲಬ್ ಮೂರನೇ ದರ್ಜೆಯ ಹೊಸ ಲೀಗ್ ನೀಸಾ ಸೇರಿತು. ಎಂಟು ವರ್ಷ ಕಾದು ವೃತ್ತಿಪರವಾದ ವರ್ಷವೇ ಕೋವಿಡ್. ಮಾರ್ಚ್‌ನಲ್ಲಿ ಸೀಸನ್ ನಿಂತಿತು. ಸ್ಟೇಡಿಯಂ ಖಾಲಿ, ಒಳಾಂಗಣವೂ ಬಂದ್. ಚಳಿಗಾಲಕ್ಕೆಂದು ಹುಡುಕಿಕೊಂಡ ಎರಡನೇ ಆದಾಯವೂ ಅದೇ ಹೊಡೆತಕ್ಕೆ ಸಿಕ್ಕಿತು.

ಆಗ ಮತ್ತೆ ಅಭಿಮಾನಿಗಳ ಬಳಿ ಹೋದರು. ಈ ಸಲ ರಾಜ್ಯದ ಕಾಯ್ದೆಯ ಬದಲು ಕೇಂದ್ರದ ನಿಯಮ ಬಳಸಿದರು, ಹಾಗಾಗಿ ಯಾವ ರಾಜ್ಯದವರಾದರೂ ಸೇರಬಹುದಿತ್ತು. ಈ ಸಲ ಸಾಲದ ಮಾತಿಲ್ಲ, ಕ್ಲಬ್ಬಿನ 10 ಶೇಕಡಾ ಪಾಲನ್ನೇ ಮಾರಾಟಕ್ಕಿಟ್ಟರು. 2,000ಕ್ಕೂ ಹೆಚ್ಚು ಜನ ಕೊಂಡರು. ಚಟ್ಟನೂಗ ಕ್ಲಬ್ ಒಂದು ವರ್ಷ ಮೊದಲೇ ಹೀಗೆ ಜನರಿಗೆ ಷೇರು ಮಾರಿ ದಾರಿ ತೋರಿಸಿತ್ತು. 2015ರಲ್ಲಿ ಯಜಮಾನಿಕೆ ಬಿಡದೆ ದುಡ್ಡು ಕೇಳಿದವರು 2020ರಲ್ಲಿ ಯಜಮಾನಿಕೆಯ ಒಂದು ತುಂಡು ಕೊಟ್ಟರು. ಐದು ವರ್ಷದ ಹಿಂದಿನ ಗ್ಯಾಲರಿ ಕಣ್ಣೆದುರು ನಿಂತಿರದಿದ್ದರೆ, ಆಟವೇ ಇಲ್ಲದ ವರ್ಷದಲ್ಲಿ ಇಷ್ಟು ಜನ ಮತ್ತೆ ಕೈ ಎತ್ತುತ್ತಿದ್ದರಾ? ನನಗೆ ಅನುಮಾನ.

2020ರ ಅಕ್ಟೋಬರಿನಲ್ಲೇ ತವರು ಮೈದಾನದಲ್ಲಿ ಓಕ್ಲೆಂಡ್ ರೂಟ್ಸ್ ತಂಡವನ್ನು 2-1ರಿಂದ ಸೋಲಿಸಿ ನೀಸಾ ಕಪ್ ಗೆದ್ದರು. 2022ರಲ್ಲಿ ಎರಡನೇ ದರ್ಜೆಯ ಯುಎಸ್‌ಎಲ್ ಚಾಂಪಿಯನ್‌ಶಿಪ್‌ಗೆ ಏರಿದರು. ಆ ಏಪ್ರಿಲ್‌ನಲ್ಲಿ ಓಪನ್ ಕಪ್ ಪಂದ್ಯಕ್ಕೆ ಎಂಎಲ್‌ಎಸ್‌ನ ಕೊಲಂಬಸ್ ಕ್ರ್ಯೂ ಅದೇ ಹಳೇ ಸ್ಟೇಡಿಯಂಗೆ ಬಂತು, 2-1ರಿಂದ ಸೋತು ಹೋಯಿತು. ಬಿಟ್ಟುಬಂದ ನೀಸಾ ಲೀಗು 2024ರ ನಂತರ ಆಡಿಲ್ಲ. ಈ ಸಲ ಬಿಟ್ಟುಬಂದ ಸಮಯ ಸರಿಯಾಗಿತ್ತು.

ಇದರಿಂದ ಏನು ತೆಗೆದುಕೊಳ್ಳಬಹುದು

ಇದನ್ನು ಅಚ್ಚು ಹಾಕಿ ಬೇರೆ ಊರಲ್ಲಿ ತೆಗೆಯಲಾಗದು. ಊರ ಮಧ್ಯೆ ಸಿಗುವ ಏಳು ಸಾವಿರ ಸೀಟಿನ ಹಾಳುಬಿದ್ದ ಸ್ಟೇಡಿಯಂ ಎಲ್ಲಿದೆ ಹೇಳಿ. ಎರಡು ವರ್ಷ ಮೊದಲು ಬಂದ ಕಾಯ್ದೆ, ಕೈಗೂಡದ ಎಂಎಲ್‌ಎಸ್ ಯೋಜನೆ, ಇವೆಲ್ಲ ಕಾಲ ಕೂಡಿಬಂದ ಸಂಗತಿಗಳು. ಹಣ ಮೊದಲು ಬಂದು, ಅಭಿಮಾನಿಗಳು ಆಮೇಲೆ ಹುಟ್ಟಿ, ಚೆನ್ನಾಗಿ ಬೆಳೆದ ಕ್ಲಬ್ಬುಗಳೂ ಇವೆ. ನಮ್ಮ ಬೆಂಗಳೂರು ಎಫ್‌ಸಿಯನ್ನೇ ನೋಡಿ. 2013ರಲ್ಲಿ ಜೆಎಸ್‌ಡಬ್ಲ್ಯು ಕಂಪನಿ ಕಟ್ಟಿದ ಕ್ಲಬ್, ಮೊದಲ ಸೀಸನ್‌ನಲ್ಲೇ ಆಗಿನ ಮೊದಲ ದರ್ಜೆಯ ಐ-ಲೀಗ್ ಗೆದ್ದಿತು. ಅದರ ಅಭಿಮಾನಿಗಳಾದ ವೆಸ್ಟ್ ಬ್ಲಾಕ್ ಬ್ಲೂಸ್ ಗುಂಪಿನ ಗದ್ದಲ ಯಾವ ಅಮೆರಿಕದ ಗ್ಯಾಲರಿಗೂ ಕಡಿಮೆಯಿಲ್ಲ. ಆದ್ದರಿಂದ ಬಡತನವೇ ಪ್ರೀತಿ ಹುಟ್ಟಿಸುತ್ತದೆ ಎಂದೇನೂ ಅಲ್ಲ.

ಬೇರೆ ಕಡೆ ಬಳಸಬಹುದಾದದ್ದು ತೀರ್ಮಾನಗಳ ಸರದಿ. ಜನ, ಆಮೇಲೆ ಜಾಗ, ಆಮೇಲೆ ಸೀಸನ್ ಇಲ್ಲದ ತಿಂಗಳುಗಳ ಆದಾಯ, ಕೊನೆಯಲ್ಲಿ ಸಂಬಳದ ತಂಡ. ಬಹಳಷ್ಟು ಹೊಸ ಕ್ಲಬ್ಬುಗಳು ಇದನ್ನು ತಲೆಕೆಳಗಾಗಿ ಮಾಡುತ್ತವೆ. ಮೊದಲು ಲೀಗ್ ಶುಲ್ಕ ಕಟ್ಟಿ, ಕೋಚ್ ತಂದು, ಆಟಗಾರರಿಗೆ ಸಹಿ ಹಾಕಿಸಿ, ಆಮೇಲೆ ನೋಡಲು ಯಾರು ಬರುತ್ತಾರೆ ಎಂದು ಕಾಯುತ್ತವೆ. ಕರ್ನಾಟಕದ ಜಿಲ್ಲಾ ಊರುಗಳಲ್ಲಿ ಕ್ಲಬ್ ನಡೆಸುವವರು ನೋಡಬೇಕಾದ್ದು ಬಡಾವಣೆ ಲೀಗಿನ ಆ ಎರಡು ವರ್ಷಗಳನ್ನು. ಅದಕ್ಕೆ ಖರ್ಚು ಕಡಿಮೆ, ಪರವಾನಗಿ ಬೇಕಿಲ್ಲ, ಸೋತರೂ ಕಳೆದುಕೊಳ್ಳುವುದು ಹೆಚ್ಚಿಲ್ಲ.

ಜನರಿಂದ ಹಣ ಪಡೆಯುವಾಗಲೂ ಅಷ್ಟೇ. ಯಾವುದಕ್ಕೆ, ಎಷ್ಟು, ವಾಪಸು ಹೇಗೆ ಎಂಬುದು ಸ್ಪಷ್ಟವಾಗಿತ್ತು. ಸೋಲು ಗೆಲುವಿಗೆ ಅಂಟಿಸದ ದುಡ್ಡು ಅದು. ಆಟಗಾರನ ಮೇಲೆ ಹಾಕಿದ್ದರೆ ಒಂದು ಕೆಟ್ಟ ಸೀಸನ್‌ನಲ್ಲಿ ಎಲ್ಲ ಆವಿಯಾಗುತ್ತಿತ್ತು.

2024ರಲ್ಲಿ ಕ್ಲಬ್ ಹೊಸ ಸ್ಟೇಡಿಯಂ ಕಟ್ಟುವುದಾಗಿ ಹೇಳಿತು. ಊರೊಳಗೇ, ಒಂದು ಪಾಳುಬಿದ್ದ ಆಸ್ಪತ್ರೆಯ ಜಾಗದಲ್ಲಿ, ಈಗಿನದರ ಸುಮಾರು ಎರಡರಷ್ಟು ಜನ ಹಿಡಿಸುವಂಥದ್ದು. ಇದರ ಖರ್ಚು 1,400 ಡಾಲರ್ ಕೊಡುವ ಐನೂರು ಜನರಿಂದ ಆಗುವ ಮಾತಲ್ಲ. ಇತ್ತ ಯುಎಸ್‌ಎಲ್ ಕ್ಲಬ್ಬುಗಳ ಮಾಲೀಕರು 2025ರ ಮಾರ್ಚ್‌ನಲ್ಲಿ ಸೇರಿ, ಗೆದ್ದವರು ಮೇಲೆ, ಸೋತವರು ಕೆಳಗೆ ಎಂಬ ಪದ್ಧತಿ ತರಲು ಮತ ಹಾಕಿದ್ದಾರೆ. ಅದು ಜಾರಿಯಾದರೆ ಇಷ್ಟು ವರ್ಷ ತನ್ನ ಸಮಯ ನೋಡಿ ಏರಿದ ಕ್ಲಬ್ ಒಂದು ಕೆಟ್ಟ ಸೀಸನ್ ಆಡಿದರೆ ಇಳಿಯಲೂ ಬೇಕಾಗುತ್ತದೆ. ದೊಡ್ಡ ಸ್ಟೇಡಿಯಂನ ಕಂತು ಮಾತ್ರ ಲೀಗ್ ಬದಲಾದರೂ ಬದಲಾಗುವುದಿಲ್ಲ.